ಮಾಗಡಿ ಕೆರೆ, ಕಪ್ಪತಗುಡ್ಡದ ಅಂಚು, ಡಂಬಳದ ಗುಡಿ: ನಿಧಾನ ನಡೆಯುವವರಿಗೂ ದಾರಿ ಗುರುತಿಸಿ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಗೆ ಬರುವವರ ಬಗ್ಗೆ ಮಾತು ಎದ್ದಾಗಲೆಲ್ಲ ಎರಡೇ ಬಗೆಯ ಜನ ಲೆಕ್ಕಕ್ಕೆ ಬರುತ್ತಾರೆ. ಗುಡ್ಡ ಹತ್ತುವ ಹುಡುಗರು ಒಂದು, ಕಾರಿನಲ್ಲಿ ಬಂದು ಗುಡಿಯ ಮುಂದೆ ಇಳಿಯುವವರು ಇನ್ನೊಂದು. ನಡುವೆ ನಾವೊಂದಿಷ್ಟು ಜನ ಇದ್ದೇವೆ. ವಯಸ್ಸಾದವರು, ಮಂಡಿ ನೋವಿನವರು, ಸಣ್ಣ ಮಕ್ಕಳ ಕೈ ಹಿಡಿದು ಬರುವ ತಾಯಂದಿರು. ನಮಗೆ ಏರು ಹತ್ತಲು ಆಗುವುದಿಲ್ಲ. ಆದರೆ ಸಪಾಟು ನೆಲದಲ್ಲಿ ಒಂದು ತಾಸು, ಒಂದೂವರೆ ತಾಸು ಆರಾಮವಾಗಿ ನಡೆಯುತ್ತೇವೆ. ಅಂಥ ನಡಿಗೆಗೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ದಾರಿಗಳು ಆಗಲೇ ಇವೆ. ಅವುಗಳಿಗೆ ಗುರುತು ಹಾಕಿ, ಎರಡು ಕಲ್ಲು ಹಾಕಿ, ಒಂದು ಶೌಚಾಲಯ ಕಟ್ಟಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಉದ್ದ ಆಗಿದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಈಗ ನಿವೃತ್ತಿಯಾಗಿದೆ. ಮನೆ ಬೆಟಗೇರಿಯಲ್ಲಿ. ನನ್ನ ಜೊತೆ ನಡೆಯಲು ಬರುವವಳು ನನ್ನ ನೆಗೆಣ್ಣಿ. ಅವಳಿಗೆ ಎರಡೂ ಮಂಡಿಯ ಆಪರೇಷನ್ ಆಗಿದೆ. ಮೆಟ್ಟಿಲು ಕಂಡರೆ ನಿಂತುಬಿಡುತ್ತಾಳೆ. ಕೆರೆ ಏರಿಯ ಮೇಲಾದರೆ ನನಗಿಂತ ಮುಂದೆ ಹೋಗುತ್ತಾಳೆ. "ಅಕ್ಕಾ, ಏರು ಇಲ್ಲಂದ್ರ ನನ್ನ ಎಷ್ಟ ದೂರಾದ್ರೂ ಕರಕೊಂಡ ಹೋಗ್ರಿ" ಎನ್ನುತ್ತಾಳೆ. ಕೆಳಗೆ ಹೇಳುವ ದಾರಿಗಳೆಲ್ಲ ಅವಳ ಕಾಲಿನಿಂದ ಅಳೆದವು.

ಮೊದಲು ಮಾಗಡಿ ಕೆರೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಗದಗದಿಂದ ಸುಮಾರು 26 ಕಿ.ಮೀ. ದೂರ. ಹಿಂದಿನವರು ಮಳೆನೀರು ಹಿಡಿದು ಹೊಲಕ್ಕೆ ಉಣಿಸಲು ಕಟ್ಟಿದ ಕೆರೆ. ಹರಡಿಕೊಂಡಿರುವುದು ಹತ್ತಿರ ಹತ್ತಿರ 50 ಹೆಕ್ಟೇರ್. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಹಲವು ದೇಶಗಳು ಸೇರಿ, ಜೌಗು ನೆಲ ಮತ್ತು ಕೆರೆಗಳನ್ನು ಉಳಿಸಬೇಕು ಎಂದು ಒಪ್ಪಂದ ಮಾಡಿಕೊಂಡಿದ್ದವು. ಆ ಪಟ್ಟಿಗೆ ಅಂಕಸಮುದ್ರ ಪಕ್ಷಿಧಾಮ ಮತ್ತು ಅಘನಾಶಿನಿ ನದಿಯ ಅಳಿವೆಯ ಜೊತೆಗೆ ನಮ್ಮ ಮಾಗಡಿಯೂ ಸೇರಿತು. ಇದು ಸಣ್ಣ ಮಾತಲ್ಲ. ಬಯಲುಸೀಮೆಯ ಒಂದು ಹಳ್ಳಿಯ ಕೆರೆ ಲೋಕದ ನಕಾಶೆಯಲ್ಲಿ ಬಂದಿದೆ.

ಅದಕ್ಕೆ ಕಾರಣ ಹಕ್ಕಿಗಳು. ಇಲ್ಲಿ 166ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ 130 ಬಗೆಯವು ವಲಸೆ ಬರುವಂಥವು. ಎಲ್ಲಕ್ಕಿಂತ ಹೆಸರಾದದ್ದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಅಷ್ಟು ಎತ್ತರದ ತೆಳು ಗಾಳಿಯಲ್ಲೂ ಹಾರಲು ಆಗುವುದು ಅವುಗಳ ರಕ್ತ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುವುದರಿಂದ. ದಕ್ಷಿಣ ಭಾರತದಲ್ಲಿ ಅವು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಮಾಗಡಿಯೂ ಒಂದು. ನವೆಂಬರಿನಲ್ಲಿ ಬರಲು ಶುರು. ಮಾರ್ಚ್ ಹೊತ್ತಿಗೆ ಕೆರೆ ಖಾಲಿ.

ಈ ಹೆಬ್ಬಾತುಗಳ ದಿನಚರಿ ತಿಳಿಯದೆ ಬಂದವರು ಬೇಸರ ಮಾಡಿಕೊಂಡು ಹೋಗುವುದನ್ನು ಕಂಡಿದ್ದೇನೆ. ಅವು ಹಗಲಿಡೀ ನೀರಿನ ನಡುವೆ, ದಂಡೆಯ ಮೇಲೆ ಸುಮ್ನೆ ಕೂತಿರುತ್ತವೆ. ಸಂಜೆ ಕತ್ತಲಾಗುವಾಗ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಕಡಲೆ, ಶೇಂಗಾ ಹೊಲ ಎಂದರೆ ಅವಕ್ಕೆ ಇಷ್ಟ. ಬೆಳಗಾಗುವ ಹೊತ್ತಿಗೆ ತಿರುಗಿ ಕೆರೆಗೆ ಬರುತ್ತವೆ. ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಕಾರಿನಿಂದ ಇಳಿದವರಿಗೆ ದೂರದಲ್ಲಿ ಬೂದು ಚುಕ್ಕಿಗಳು ಕಾಣುತ್ತವೆ, ಅಷ್ಟೇ. ಅದೇ ಬೆಳಿಗ್ಗೆ ಆರೂವರೆಗೆ ಏರಿಯ ಮೇಲೆ ನಿಂತರೆ ಗುಂಪು ಗುಂಪಾಗಿ ತಲೆಯ ಮೇಲೇ ಹಾರಿ ಬಂದು ಇಳಿಯುತ್ತವೆ. ಕೂಗು ಮೊದಲು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ. ಬಣ್ಣದ ಕೊಕ್ಕರೆ ಇರುತ್ತದೆ. ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿರುತ್ತದೆ. ದುರ್ಬೀನು ಇಲ್ಲದಿದ್ದರೂ ಇವನ್ನೆಲ್ಲ ಗುರುತು ಹಿಡಿಯಬಹುದು.

ರೈತರ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಹಕ್ಕಿಗಳು ಮೇಯುವುದು ಅವರ ಬೆಳೆಯನ್ನು. ಆದರೂ ಊರಿನವರು ಅವನ್ನು ಬಾಳಿಸಿಕೊಂಡು ಬಂದಿದ್ದಾರೆ. ಕೆರೆಗೆ ಸಿಕ್ಕ ಮರ್ಯಾದೆಯಲ್ಲಿ ಅವರ ಪಾಲು ದೊಡ್ಡದು. ನಡೆಯಲು ಬರುವ ನಾವು ಅವರ ಹೊಲದ ಬದುವಿನ ಮೇಲೆ ಕಾಲಿಡುವಾಗ ಅದು ನೆನಪಿರಲಿ.

ಇಲ್ಲಿ ನನ್ನ ಬೇಡಿಕೆ ಸರಳ. ಕಾರು, ಬೈಕು ಕೆರೆಯಿಂದ ದೂರ ನಿಲ್ಲಲಿ. ಅಲ್ಲಿಂದ ಜನ ನಡೆದು ಬರಲಿ. ಏರಿಯ ಮೇಲೆ ಮಣ್ಣಿನ ದಾರಿಯೇ ಸಾಕು. ಗುಂಡಿ ಬಿದ್ದಲ್ಲಿ ಮೊರಂ ಹಾಕಿ ಸಮ ಮಾಡಿದರೆ ನನ್ನ ನೆಗೆಣ್ಣಿಯಂಥವರು ಕೋಲು ಊರದೆ ನಡೆಯುತ್ತಾರೆ. ನೀರಿನ ಕಡೆ ಇಳಿಯುವ ಕಾಲುದಾರಿಗಳನ್ನು ನವೆಂಬರಿನಿಂದ ಮಾರ್ಚ್‌ವರೆಗೆ ಮುಚ್ಚಿರಲಿ. ಹಕ್ಕಿ ಒಮ್ಮೆ ಹೆದರಿ ಎದ್ದರೆ ಅದು ಉಳಿಸಿಕೊಂಡ ಶಕ್ತಿ ಖರ್ಚಾಗುತ್ತದೆ. ಮತ್ತೆ ಹಿಮಾಲಯ ದಾಟಿ ಹೋಗಬೇಕಲ್ವಾ ಅವು? ಡ್ರೋನ್ ಹಾರಿಸುವುದು, ಸ್ಪೀಕರ್ ಹಚ್ಚುವುದು, ಒಳ್ಳೆ ಫೋಟೋ ಸಿಗಲಿ ಎಂದು ಕಲ್ಲು ಎಸೆದು ಹಕ್ಕಿ ಎಬ್ಬಿಸುವುದು ಪೂರ್ತಿ ನಿಲ್ಲಬೇಕು. ಕಲ್ಲು ಎಸೆಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಎಸೆದವರು ಓದಿದವರೇ. ಬೈದು ಕಳಿಸಿದೆ. ಆದರೆ ದಿನಾ ಅಲ್ಲಿ ನಿಂತು ಬೈಯಲು ನನ್ನಿಂದ ಆಗುವುದಿಲ್ಲ.

ಇನ್ನು ಡಂಬಳ. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ನಡೆಯಲು ಇಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಗದಗದಿಂದ 20 ಕಿ.ಮೀ. ಆಚೀಚೆ, ಮುಂಡರಗಿ ತಾಲ್ಲೂಕಿನಲ್ಲಿದೆ. ಒಂದು ಕಡೆ ದೊಡ್ಡ ಹಳೆಯ ಕೆರೆ, ಇನ್ನೊಂದು ಕಡೆ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪನ ಗುಡಿ, ದೂರದಲ್ಲಿ ಕಪ್ಪತಗುಡ್ಡದ ಸಾಲು. ಮೂರನ್ನೂ ಒಂದೇ ಬೆಳಗಿನಲ್ಲಿ, ಹೆಚ್ಚು ಏರಿಳಿತ ಇಲ್ಲದೆ ನೋಡಬಹುದು.

ಗುಡಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಗಣಿತ ಕಲಿಸಿದವಳು, ಬಿಡಲು ಆಗುವುದಿಲ್ಲ. 12ನೇ ಶತಮಾನದ ಈ ಗುಡಿಯ ಗರ್ಭಗುಡಿಯ ಹೊರಗೋಡೆ ನಕ್ಷತ್ರದ ಆಕಾರದಲ್ಲಿದೆ. ನಕ್ಷತ್ರಕ್ಕೆ 24 ಮೂಲೆ. ಇದನ್ನು ಹೇಗೆ ಬರೆದಿರಬಹುದು ಎಂದು ಮಕ್ಕಳಿಗೆ ಕೇಳಿ. ಒಂದು ಚೌಕ ಬರೆಯಿರಿ. ನಡುವಿನ ಬಿಂದು ಕದಲಿಸದೆ ಚೌಕವನ್ನು 15 ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಮತ್ತೆ 15 ಡಿಗ್ರಿ, ಮತ್ತೆ ಬರೆಯಿರಿ. ಆರು ಚೌಕ ಆದ ಮೇಲೆ ಏಳನೆಯದು ಮೊದಲನೆಯದರ ಮೇಲೆಯೇ ಕೂರುತ್ತದೆ, ಏಕೆಂದರೆ ಆರು ಹದಿನೈದಲೆ 90. ಆರು ಚೌಕಕ್ಕೆ ನಾಲ್ಕು ನಾಲ್ಕು ಮೂಲೆ, ಆರು ನಾಲ್ಕಲೆ 24. ಪ್ರತಿ ಮೂಲೆಯೂ ಲಂಬಕೋನ. ಒಂದು ಗೂಟ, ಒಂದು ಹಗ್ಗ ಇದ್ದರೆ ಗುಡಿಯ ಹೊರಗಿನ ಬಯಲಲ್ಲಿ ಮಣ್ಣಿನ ಮೇಲೆ ಇದನ್ನು ಬರೆಯಬಹುದು. ನಾನು ಮಕ್ಕಳಿಂದ ಬರೆಸಿದ್ದೇನೆ. ಮೊದಲು ಬರೆದು, ಆಮೇಲೆ ಗುಡಿಯ ಸುತ್ತ ನಡೆಸಬೇಕು. ಆಗ ಮಕ್ಕಳು ಗೋಡೆಯನ್ನು ಬೆರಳಿನಿಂದ ಎಣಿಸುತ್ತಾ ಬರುತ್ತಾರೆ. ಬೆಳಗಿನ ಬಿಸಿಲಿನಲ್ಲಿ ಒಂದೊಂದು ಮೂಲೆಗೂ ಒಂದೊಂದು ಪಟ್ಟಿ ನೆರಳು ಬೀಳುತ್ತದೆ. ನಡೆದು ಸುತ್ತಿದವರಿಗೆ ಮಾತ್ರ ಅದು ತಿಳಿಯುತ್ತದೆ. ಎದುರಿಗೆ ನಿಂತು ಫೋಟೋ ತೆಗೆದವರಿಗೆ ನಕ್ಷತ್ರ ಕಾಣುವುದೇ ಇಲ್ಲ.

ಒಳಗಿನ ದೊಡ್ಡ ನಂದಿಯಿಂದಲೇ ಗುಡಿಗೆ ದೊಡ್ಡಬಸಪ್ಪ ಎಂಬ ಹೆಸರು. ಪಕ್ಕದಲ್ಲೇ ಸೋಮೇಶ್ವರನ ಗುಡಿ ಇದೆ. ಒಂದು ಕಾಲಕ್ಕೆ ಇದೇ ಡಂಬಳದಲ್ಲಿ ಬೌದ್ಧರೂ ಇದ್ದರು. ತಾರಾದೇವಿಯನ್ನು ನೆನೆಯುವ, 1095ರ ಶಾಸನವೊಂದು ಈ ಊರಿನದು. ಕರ್ನಾಟಕದಲ್ಲಿ ಅಷ್ಟು ತಡವಾಗಿಯೂ ಬೌದ್ಧರು ಬಾಳಿದ್ದ ಕೆಲವೇ ಊರುಗಳಲ್ಲಿ ಇದೊಂದು. ಈ ಮಾತನ್ನು ಹೇಳುವ ನಾಲ್ಕು ಸಾಲಿನ ಕನ್ನಡ ಫಲಕ ಕೆರೆಯ ಏರಿಯ ಹತ್ತಿರ ಇದ್ದರೆ ನಡೆಯುವವರು ನಿಂತು ಓದುತ್ತಾರೆ.

ಗುಡಿ ನೋಡಿ ಕೆರೆಯ ಕಡೆ ಹೊರಳಿದರೆ ಏರಿಯ ಮೇಲೆ ಒಳ್ಳೆ ಗಾಳಿ. ಏರಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕೆರೆ ಕೆಳಗಿನ ಹೊಲ. ಮಳೆ ಚೆನ್ನಾಗಿ ಆದ ವರ್ಷ ನೀರು ದಂಡೆಯ ಜಾಲಿ ಗಿಡಗಳ ಬುಡದವರೆಗೆ ಬರುತ್ತದೆ. ಆಗದ ವರ್ಷ ಕೆರೆಯಂಗಳದಲ್ಲಿ ದನ, ಕುರಿ ಮೇಯುತ್ತವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ನಾಡು ನಮ್ಮದು. ಇಲ್ಲಿ ಕೆರೆ ಎಂದರೆ ತುಂಬುವುದೂ ಬತ್ತುವುದೂ ಎರಡೂ ಅದರ ಗುಣ. ಬತ್ತಿದ ಕೆರೆಯಂಗಳವನ್ನು ಖಾಲಿ ಜಾಗ ಎಂದು ತಿಳಿದು ಕಟ್ಟಡ ಎಬ್ಬಿಸುವವರಿಗೆ ಇದು ಅರ್ಥ ಆಗಬೇಕು.

ಕಪ್ಪತಗುಡ್ಡದ ಮಾತಿಗೆ ಬರುತ್ತೇನೆ. "ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು" ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡದ 244.15 ಚದರ ಕಿ.ಮೀ. ಭಾಗ 2019ರಲ್ಲಿ ವನ್ಯಜೀವಿಧಾಮ ಆಯಿತು. ಅದರ ಹಿಂದೆ ಜನರ ಹೋರಾಟ ಇದೆ. 2015ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆ ಆಗಿ, ಅದನ್ನು ವಾಪಸು ತೆಗೆದುಕೊಂಡಾಗ ಮಠಗಳಿಂದ ಹಿಡಿದು ಕಾಲೇಜಿನ ಮಕ್ಕಳವರೆಗೆ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮತ್ತೆ ಸಿಕ್ಕಿತು. ಗಣಿಯವರ ಕಣ್ಣು ಈ ಗುಡ್ಡದ ಮೇಲೆ ಮೊದಲಿನಿಂದಲೂ ಇದೆ, ಏಕೆಂದರೆ ಇಲ್ಲಿನ ನೆಲದಲ್ಲಿ ಕಬ್ಬಿಣವೂ ಇದೆ, ಬಂಗಾರವೂ ಇದೆ.

ಈ ಗುಡ್ಡವನ್ನು ಜನ ಔಷಧಿ ಸಸ್ಯಗಳಿಗಾಗಿ ಹೊಗಳುತ್ತಾರೆ. ಅದು ಸರಿ. ನಾನು ಹೊಗಳುವುದು ಅದರ ಹುಲ್ಲನ್ನು. ಮಲೆನಾಡಿನ ಕಾಡು ನೋಡಿ ಬಂದವರು ಇಲ್ಲಿಗೆ ಬಂದು "ಬರೀ ಹುಲ್ಲು, ಬರೀ ಮುಳ್ಳು, ಮರ ಎಲ್ಲಿವೆ?" ಎಂದು ಕೇಳುತ್ತಾರೆ. ಮಳೆ ಕಡಿಮೆ, ಮಣ್ಣು ತೆಳು, ಕೆಳಗೆ ಬಂಡೆ. ಇಂಥ ಕಡೆ ಹುಲ್ಲುಗಾವಲು, ಕುರುಚಲು ಕಾಡೇ ಸಹಜ. ತೋಳಕ್ಕೆ, ಕತ್ತೆಕಿರುಬಕ್ಕೆ, ಕೃಷ್ಣಮೃಗಕ್ಕೆ, ಗೌಜಲಹಕ್ಕಿಗೆ, ಬುರ್ಲಿಗೆ ಬೇಕಾದದ್ದು ಇದೇ ಬಯಲು. ಹುಲ್ಲಿನ ಬೇರು ಮಣ್ಣು ಹಿಡಿಯುತ್ತದೆ, ಮಳೆನೀರನ್ನು ತಡೆದು ಕೆಳಗಿನ ಹಳ್ಳ, ಕೆರೆಗಳಿಗೆ ನಿಧಾನವಾಗಿ ಬಿಡುತ್ತದೆ. ಇದನ್ನು ಪಾಳು ಭೂಮಿ ಎಂದು ಕಾಗದದಲ್ಲಿ ಬರೆದು, ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಡುವುದು ಉಪಕಾರ ಅಲ್ಲ. ಒಳ್ಳೆ ಮನಸ್ಸಿನಿಂದ ನೆಟ್ಟರೂ ಅಲ್ಲ.

ಬೇಸಿಗೆಯಲ್ಲಿ ಬಾದೆ ಹುಲ್ಲು ಒಣಗಿ ನಿಂತಾಗ ಬೆಂಕಿಯ ಭಯ. ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ ಎಂದು ಬೆಂಕಿ ಹಾಕುವವರಿದ್ದಾರೆ. ಬೀಡಿ ಎಸೆದು ಹೋಗುವವರೂ ಇದ್ದಾರೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಓಡಿಹೋಗಲು ದಾರಿ ಇಲ್ಲ. ನಡೆಯಲು ಬರುವವರು ಕಡ್ಡಿಪೆಟ್ಟಿಗೆ ತರಬಾರದು. ಬುತ್ತಿ ಮನೆಯಿಂದ ಕಟ್ಟಿಕೊಂಡು ಬರಲಿ, ಅಲ್ಲಿ ಒಲೆ ಹೂಡುವುದು ಬೇಡ.

ವನ್ಯಜೀವಿಧಾಮದ ಒಳಗೆ ಎಲ್ಲೆಂದರಲ್ಲಿ ತಿರುಗುವಂತಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅದು ಹಾಗೇ ಇರಲಿ. ನಾನು ಕೇಳುತ್ತಿರುವುದು ಗುಡ್ಡದ ಹೊರ ಅಂಚು. ಡೋಣಿ ಹಳ್ಳಿಯ ಕಡೆ ಗುಡ್ಡದ ಬುಡದಲ್ಲಿ ಬಂಡಿ ದಾರಿಗಳಿವೆ, ಕುರಿ ಹೋಗುವ ಜಾಡುಗಳಿವೆ, ಊರ ದನ ಮೇಯುವ ಗಾಯರಾಣಗಳಿವೆ. ನಂದಿವೇರಿ ಮಠಕ್ಕೂ ಕಪ್ಪತಮಲ್ಲಯ್ಯನ ಗುಡಿಗೂ ಹೋಗುವ ಭಕ್ತರು ಈ ನೆಲವನ್ನು ತಲೆಮಾರುಗಳಿಂದ ತುಳಿದಿದ್ದಾರೆ. ಗುಡಿಗೆ ಏರಬೇಕಾಗುತ್ತದೆ, ಅದು ನಮಗಲ್ಲ. ಆದರೆ ಬುಡದ ದಾರಿಯಲ್ಲಿ ಏರು ಕಡಿಮೆ. ಮಸಾರಿ ನೆಲ, ಕಾಲಿಗೆ ಗಟ್ಟಿ. ತಂಗಡಿ ಹಳದಿ ಹೂ ಬಿಟ್ಟಿರುತ್ತದೆ. ಕವಳಿ ಗಿಡ, ಬಾರೆ ಗಿಡ, ಬಂದರಿಕೆ ಸಿಗುತ್ತವೆ. ಕವಳಿ ಹಣ್ಣಾಗುವುದು ಬೇಸಿಗೆಯ ಕೊನೆಗೆ. ಆಗ ಮಕ್ಕಳನ್ನು ಕರೆದುಕೊಂಡು ಹೋದರೆ ಮುಂದಕ್ಕೆ ಹೆಜ್ಜೆ ಇಡುವುದೇ ಇಲ್ಲ. ಬೆಳಿಗ್ಗೆ ಎಂಟು ಗಂಟೆಯ ಒಳಗೆ ನಡೆದು ಮುಗಿಸಬೇಕು, ಅಷ್ಟೇ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗೆ ಕುರಿ ಹಿಂಡು, ಕುರುಬರ ಕೂಗು.

ಆ ಕುರುಬರ ಬಗ್ಗೆ ಹೇಳುವಾಗ ಬೇರೆ ದೇಶದ ಒಂದು ಮಾತು ತರಬೇಕು. ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಕೇಂಬ್ರಿಜ್ ಹತ್ತಿರದ ವಿಕನ್ ಫೆನ್ ಎಂಬ ಜೌಗು ನೆಲಕ್ಕೆ ಕರೆದುಕೊಂಡು ಹೋಗಿದ್ದಳು. ಒಂದು ಕಾಲಕ್ಕೆ ಆ ಸೀಮೆಯೆಲ್ಲ ಜೌಗು. ನೀರು ಹೊರಗೆ ಹಾಕಿ ಬಹುಪಾಲನ್ನು ಹೊಲ ಮಾಡಿಕೊಂಡರು. ಉಳಿದ ಒಂದು ತುಂಡನ್ನು 1899ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಕಾಯುತ್ತಿದೆ. ಅಲ್ಲಿ ಜೌಗಿನ ಮೇಲೆ ಹಲಗೆ ಹಾಸಿ ದಾರಿ ಮಾಡಿದ್ದಾರೆ. ಗಾಲಿ ಕುರ್ಚಿಯವರೂ ಅದರ ಮೇಲೆ ಹೋಗುತ್ತಾರೆ. ಪೊದೆ ಬೆಳೆದು ಬಯಲು ಮುಚ್ಚಿಹೋಗದಿರಲಿ ಎಂದು ಕುದುರೆ, ದನ ಬಿಟ್ಟು ಮೇಯಿಸುತ್ತಾರೆ. ಆ ದೇಶದ ಕುರುಚಲು ಬಯಲುಗಳೂ ಹಾಗೆಯೇ ಮೇಯಿಸಿಯೇ ಉಳಿದವು. ಹೊಲಗಳ ನಡುವೆ ಹೋಗುವ ಜನರ ಕಾಲುದಾರಿಗೆ ಒಂದು ಗೂಟ, ಗೂಟದ ಮೇಲೆ ಹಳದಿ ಬಾಣ. ಅಷ್ಟೇ ಗುರುತು. ಆ ಬಾಣ ನೋಡಿಕೊಂಡು ಭಾಷೆ ಸರಿಯಾಗಿ ಬಾರದ ನಾನು ದಾರಿ ತಪ್ಪದೆ ನಡೆದೆ. ನಮ್ಮಲ್ಲಿ ಕುರಿ ಇವೆ, ಕುರುಬರಿದ್ದಾರೆ, ದಾರಿ ಇವೆ, ಬಯಲು ಇದೆ. ಇಲ್ಲದ್ದು ಆ ಬಾಣ ಒಂದು.

ಲಕ್ಕುಂಡಿಯನ್ನು ಬಿಡಲು ಆಗುವುದಿಲ್ಲ, ಆದರೆ ಅದರ ಬಗ್ಗೆ ಎಲ್ಲರಿಗೂ ತಿಳಿದಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ಗದಗದಿಂದ ಸುಮಾರು 12 ಕಿ.ಮೀ., ಕೊಪ್ಪಳದ ಕಡೆ ಹೋಗುವ ಹೆದ್ದಾರಿಯಲ್ಲಿದೆ, ಬಸ್ಸು ಸಿಗುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಎದುರುಬದುರಾಗಿ ಎರಡು ಗರ್ಭಗುಡಿ ಇರುವ ಕಾಶಿವಿಶ್ವನಾಥ, ಅದರ ಹತ್ತಿರದ ನನ್ನೇಶ್ವರ, ಊರಿನ ಆಚೆ ಮಾಣಿಕೇಶ್ವರ ಮತ್ತು ಮುಸುಕಿನ ಬಾವಿ. ಇವನ್ನೆಲ್ಲ ಓಣಿಗಳ ಮೂಲಕ ನಡೆದೇ ನೋಡಬಹುದು. ಈಗ ಜನ ಒಂದು ಗುಡಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗುತ್ತಾರೆ, ಓಣಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಡೆದರೆ ಮನೆಗಳ ಗೋಡೆಯಲ್ಲಿ ಕೂತ ಹಳೆಯ ಕೆತ್ತನೆ ಕಲ್ಲು, ಕಟ್ಟೆಗೆ ಆನಿಸಿಟ್ಟ ವೀರಗಲ್ಲು ಕಣ್ಣಿಗೆ ಬೀಳುತ್ತವೆ. "ನೂರೊಂದು ಗುಡಿ, ನೂರೊಂದು ಬಾವಿ" ಎಂದು ಊರಿನವರು ಹೇಳುವುದು ಯಾಕೆ ಎಂದು ಆಗ ತಿಳಿಯುತ್ತದೆ. ಮುಸುಕಿನ ಬಾವಿಯ ಮೆಟ್ಟಿಲು ನನ್ನ ನೆಗೆಣ್ಣಿಗೆ ಆಗುವುದಿಲ್ಲ. ಮೇಲೆ ನಿಂತು ನೋಡುತ್ತಾಳೆ. ಅಲ್ಲೊಂದು ಕಲ್ಲಿನ ಆಸನ ಹಾಕಿದರೆ ಕೂತು ನೋಡುತ್ತಾಳೆ.

ಗದಗ ಊರೊಳಗೂ ತ್ರಿಕೂಟೇಶ್ವರದಿಂದ ವೀರನಾರಾಯಣನ ಗುಡಿಗೆ, ಅಲ್ಲಿಂದ ಭೀಷ್ಮ ಕೆರೆಯ ದಂಡೆಗೆ ನಡೆಯುವವರಿದ್ದಾರೆ. ಅದಕ್ಕೆ ಬೇಕಾದದ್ದು ಬೈಕು ನಿಲ್ಲದ ಫುಟ್‌ಪಾತ್, ಬೇರೇನೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಖರ್ಚು ಕಡಿಮೆಯ ಕೆಲಸಗಳನ್ನೇ ಹೇಳುತ್ತೇನೆ.

ದಾರಿಗೆ ಕಾಂಕ್ರೀಟ್ ಬೇಡ, ಬಣ್ಣದ ಇಟ್ಟಿಗೆ ಬೇಡ, ಕಂಬದ ದೀಪವೂ ಬೇಡ. ಹೆಬ್ಬಾತು ರಾತ್ರಿ ಹಾರುವ ಹಕ್ಕಿ. ಅದಕ್ಕೆ ದೀಪದಿಂದ ತೊಂದರೆಯೇ ಜಾಸ್ತಿ. ಇರುವ ಬಂಡಿ ದಾರಿಯ ಕವಲುಗಳಲ್ಲಿ ಮೊಣಕಾಲೆತ್ತರದ ಕಲ್ಲು ನೆಟ್ಟು ಅದರ ಮೇಲೆ ಬಾಣ ಬರೆದರೆ ಆಯಿತು. ಶುರುವಿನಲ್ಲಿ ಒಂದು ಫಲಕ. ದಪ್ಪ ಕನ್ನಡ ಅಕ್ಷರ, ಕನ್ನಡಕ ಮರೆತವರಿಗೂ ಕಾಣುವಂತೆ. ಎಷ್ಟು ಕಿ.ಮೀ. ಎಂಬುದರ ಜೊತೆ ನಿಧಾನ ನಡೆದರೆ ಎಷ್ಟು ನಿಮಿಷ ಎಂದೂ ಇರಬೇಕು. ಏರು ಇದೆಯಾ, ಮೆಟ್ಟಿಲು ಎಷ್ಟು, ನೆರಳು ಎಲ್ಲಿ, ಕುಡಿಯುವ ನೀರು ಎಲ್ಲಿ, ಇಷ್ಟು ಇದ್ದರೆ ಸಾಕು. ಮಂಡಿ ನೋವಿನವರು ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳುತ್ತಾರೆ. "ಇಲ್ಲೇ ಹತ್ತಿರ" ಎಂಬ ಮಾತು ನಂಬಿ ಹೊರಟು ನಡುದಾರಿಯಲ್ಲಿ ಕಷ್ಟಪಟ್ಟವರು ನಮ್ಮಲ್ಲಿ ಬಹಳ.

ಕೂರಲು ಹಾಸುಗಲ್ಲು ಸಾಕು. ಬೇವಿನ ಗಿಡದ ಬುಡಕ್ಕೆ ಒಂದು, ಏರಿಯ ತುದಿಗೆ ಒಂದು. ತೀರಾ ತಗ್ಗಾಗಿ ಹಾಕಬೇಡಿ, ಎದ್ದೇಳಲು ಆಗುವುದಿಲ್ಲ. ಕುರ್ಚಿಯ ಎತ್ತರಕ್ಕೆ ಇರಲಿ.

ಎಲ್ಲಕ್ಕಿಂತ ಮುಖ್ಯ ಶೌಚಾಲಯ. ಹೆಣ್ಣುಮಕ್ಕಳು ಹೊರಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಬಿಸಿಲಿನಲ್ಲಿ ನಡೆದು ತಲೆ ಸುತ್ತಿ ಕೂತವರನ್ನು ನೋಡಿದ್ದೇನೆ. ಇದನ್ನು ಬರೆಯಲು ಸಂಕೋಚ ಪಡುವ ವಯಸ್ಸು ನನ್ನದಲ್ಲ. ಕೆರೆಯ ಹತ್ತಿರ, ಡಂಬಳದ ಗುಡಿಯ ಹತ್ತಿರ, ಲಕ್ಕುಂಡಿಯಲ್ಲಿ ಎರಡು ಕಡೆ, ನೀರು ಇರುವ, ದಿನಾ ತೊಳೆಯುವ, ಬೀಗ ಹಾಕದ ಶೌಚಾಲಯ ಬೇಕು. ಅದನ್ನು ನೋಡಿಕೊಳ್ಳುವ ಕೆಲಸವನ್ನು ಆಯಾ ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ಸಂಬಳ ಕೊಟ್ಟು ವಹಿಸಲಿ. ಅದೇ ಸಂಘದವರು ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಮಾರಿದರೆ ನಡೆದು ಬಂದವರು ಕೊಂಡು ತಿನ್ನುತ್ತಾರೆ. ಕಾರಿನಲ್ಲಿ ಬಂದು ಅರ್ಧ ತಾಸಿಗೆ ಹೋಗುವವನಿಂದ ಊರಿಗೆ ಏನೂ ಸಿಗುವುದಿಲ್ಲ. ಮೂರು ತಾಸು ಇರುವವನಿಗೆ ಹಸಿವಾಗುತ್ತದೆ.

ಬಸ್ಸಿನ ವಿಷಯ ಒಂದಿದೆ. ಹಕ್ಕಿ ನೋಡಲು ಬೆಳಿಗ್ಗೆ ಆರೂವರೆಗೆ ಮಾಗಡಿಯಲ್ಲಿ ಇರಬೇಕು ಎಂದೆ. ಕಾರಿಲ್ಲದವರು ಅಷ್ಟೊತ್ತಿಗೆ ಹೇಗೆ ಹೋಗಬೇಕು? ನವೆಂಬರಿನಿಂದ ಫೆಬ್ರುವರಿವರೆಗೆ ಭಾನುವಾರ ಮಾತ್ರ ಗದಗದಿಂದ ನಸುಕಿನಲ್ಲಿ ಒಂದು ಬಸ್ಸು ಬಿಟ್ಟರೂ ಸಾಕು. ಹತ್ತು ಗಂಟೆಗೆ ಅದೇ ಬಸ್ಸು ತಿರುಗಿ ಬರಲಿ. ಬೇಕಾದರೆ ಹೋಗುವಾಗ ಬರುವಾಗ ಶಿರಹಟ್ಟಿಯಲ್ಲೋ ಲಕ್ಷ್ಮೇಶ್ವರದಲ್ಲೋ ನಿಲ್ಲಲಿ. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಯೂ ನೋಡಿದಂತಾಗುತ್ತದೆ.

ಫೆಬ್ರುವರಿ 2 ವಿಶ್ವ ಜೌಗುಭೂಮಿ ದಿನ. ರಾಮ್ಸಾರ್ ಒಪ್ಪಂದ ಆದ ದಿನ ಅದು. ಆ ಹೊತ್ತಿಗೆ ಹೆಬ್ಬಾತುಗಳು ಇನ್ನೂ ಇಲ್ಲೇ ಇರುತ್ತವೆ. ಭಾಷಣ, ಬ್ಯಾನರು ಬಿಟ್ಟು, ಸುತ್ತಲಿನ ಶಾಲೆಗಳ ಮಕ್ಕಳನ್ನು ಸಣ್ಣ ಸಣ್ಣ ಗುಂಪಿನಲ್ಲಿ ಏರಿಯ ಮೇಲೆ ನಡೆಸಲಿ. ಮಾತಿಲ್ಲದೆ ನಡೆಯುವುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಹೊಲದಲ್ಲಿ ನಡೆಯುವುದು ನಮಗೆ ಹೊಸದಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಲೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಜೋಳ ನಿಂತಿರುತ್ತದೆ, ಕಡಲೆ ಕಾಯಿ ಹಿಡಿಯುತ್ತಿರುತ್ತದೆ, ಮಾಗಡಿಯ ಕೆರೆ ಹಕ್ಕಿಗಳಿಂದ ತುಂಬಿರುತ್ತದೆ. ಹೊಲ ಇಲ್ಲದ ಬೆಟಗೇರಿಯ ನೇಕಾರರ ಮನೆಗಳವರು, ಬಾಡಿಗೆ ಮನೆಯ ಮಕ್ಕಳು ಆ ದಿನ ಎಲ್ಲಿಗೆ ಹೋಗಬೇಕು? ಈ ದಾರಿಗಳು ಅವರಿಗೂ ಬೇಕು.

ನಡೆಯಲು ಹೊರಡುವವರಿಗೆ ನನ್ನ ಅನುಭವದ ಮಾತು ಒಂದೆರಡು. ಮಳೆ ಬಿದ್ದ ಮಾರನೇ ದಿನ ಎರೆ ಹೊಲದ ದಾರಿ ಹಿಡಿಯಬೇಡಿ. ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮಣ್ಣು ಅಂಟಿ ಕಾಲು ಎತ್ತಲು ಆಗುವುದಿಲ್ಲ. ಅಂಥ ದಿನ ಗುಡ್ಡದ ಬುಡದ ಮಸಾರಿ ನೆಲವೇ ಒಳ್ಳೆಯದು, ನೀರು ಬೇಗ ಇಳಿದಿರುತ್ತದೆ. ಜಾಲಿ ಮುಳ್ಳು ರಬ್ಬರ್ ಚಪ್ಪಲಿಯನ್ನು ತೂರಿ ಬರುತ್ತದೆ, ಬೂಟು ಹಾಕಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಈ ನೆಲದಲ್ಲಿ ಮಂಡಲದ ಹಾವು ಇವೆ. ಕುಸುಬೆ ಬಿತ್ತಿದ ಬದುವಿನಲ್ಲಿ ಸೀರೆ ಹಿಡಿದುಕೊಂಡು ನಡೆಯಿರಿ, ಅದರ ಮುಳ್ಳು ಕೆಟ್ಟದು. ಕುರಿ ಹಿಂಡು ಎದುರಾದರೆ ನಾಯಿ ಇರುತ್ತದೆ. ನಿಂತು, ಕುರುಬನಿಗೆ ಕೂಗಿ ಹೇಳಿ, ಅವನು ಕರೆದ ಮೇಲೆ ದಾಟಿ. ಕಡಲೆ ಗಿಡ ಕಿತ್ತು ತಿನ್ನುವ ಆಸೆ ಆದರೆ ಹೊಲದವರನ್ನು ಕೇಳಿ ತಿನ್ನಿ. ಕೇಳಿದರೆ ಒಂದು ಹಿಡಿ ಹೆಚ್ಚಿಗೆಯೇ ಕೊಡುತ್ತಾರೆ.

ಜಿಲ್ಲಾ ಆಡಳಿತ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಪುರಾತತ್ವದವರು ಒಂದು ಸಲ ಕೂತು ಮಾತಾಡಿದರೆ ಇದು ಒಂದು ಚಳಿಗಾಲದೊಳಗೆ ಆಗುವ ಕೆಲಸ. ಮೊದಲು ಎಲ್ಲವನ್ನೂ ಮಾಡಬೇಕಿಲ್ಲ. ಡಂಬಳದ ಗುಡಿಯಿಂದ ಕೆರೆ ಏರಿಯ ದಾರಿ ಒಂದನ್ನೇ ಗುರುತಿಸಿ ನೋಡಲಿ. ಕಲ್ಲಿನ ಮೇಲೆ ಬಾಣ ಬರೆಯಲು ಬಣ್ಣ, ಕುಂಚ ಹಿಡಿದು ನಾನು ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳೂ ಬರುತ್ತಾರೆ. ಅಳತೆ ಮಾಡಿ ದೂರ ಬರೆಯುವ ಕೆಲಸ ನಮಗೇ ಬಿಡಲಿ.

ಓದುಗರಲ್ಲಿಯೂ ಒಂದು ಕೇಳಿಕೆ ಇದೆ. ಡೋಣಿ, ಡಂಬಳ, ಮಾಗಡಿ, ಶಿರಹಟ್ಟಿ ಕಡೆಯ ಹಿರಿಯರು ತಮ್ಮ ಊರಿನಿಂದ ಊರಿಗೆ ಹಿಂದೆ ನಡೆದು ಹೋಗುತ್ತಿದ್ದ ದಾರಿಗಳನ್ನು ಈ ಅಂಕಣಕ್ಕೆ ಬರೆದು ತಿಳಿಸಿ. ಸಂತೆಗೆ ಹೋಗುತ್ತಿದ್ದ ದಾರಿ, ಜಾತ್ರೆಗೆ ಹೋಗುತ್ತಿದ್ದ ದಾರಿ, ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಯಾವ ಹಳ್ಳದ ಹತ್ತಿರ ದಾಟುತ್ತಿದ್ದಿರಿ, ಯಾವ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದಿರಿ, ಈಗ ಎಲ್ಲಿ ಬೇಲಿ ಬಿದ್ದಿದೆ ಎಂದು ಬರೆಯಿರಿ. ಅವನ್ನೆಲ್ಲ ಒಂದು ನಕಾಶೆಯಲ್ಲಿ ಗುರುತಿಸಿ ಜಿಲ್ಲಾಧಿಕಾರಿಗಳ ಕಚೇರಿಗೆ ನಾನೇ ಒಯ್ದು ಕೊಡುತ್ತೇನೆ.

ಇತಿ,
ನಿವೃತ್ತ ಗಣಿತ ಶಿಕ್ಷಕಿ
ಬೆಟಗೇರಿ, ಗದಗ